ಯಾರು ಮುಟ್ಟಿದ್ದು

ಮಂಡ್ಯದ ಹಾಲಿನ ಕಚೇರಿ, ಮಹಡಿ ಮೇಲಿನ ಕೋಣೆ.
ಎಸಿ ಕೆಟ್ಟು ಎರಡು ತಿಂಗಳು; ಸರ್ವರಿಗೊಂದು ಟೇಬಲ್ ಫ್ಯಾನು.
ಹನ್ನೊಂದು ವರ್ಷದ ಲೆಕ್ಕ ಅದರೊಳಗೆ:
ಊರು, ಕ್ಯಾನು, ಡಿಗ್ರಿ, ಫ್ಯಾಟು, ಬಟವಾಡೆ.

ದರ ಕಟ್ಟುವ ಪ್ರೊಸೀಜರಿಗೆ ಐದು ಜನ ಅಣ್ಣತಮ್ಮಂದಿರು:
ದರ, ದರ_ಹೊಸದು, ದರ_ಹೊಸದು_ಎರಡು,
ದರ_ಇದೇ_ಸರಿ,
ದರ_ಮುಟ್ಟಬೇಡಿ.
ಮುಟ್ಟಬೇಡಿ ಅಂದದ್ದನ್ನೇ ಎಲ್ಲರೂ ಮುಟ್ಟಿದ್ದರು,
ರಾತ್ರಿ ಯಾರೋ ತೂಬು ಎತ್ತಿದ ಹಾಗೆ.
ಬೆಳಿಗ್ಗೆ ನೀರುಗಂಟಿ ಹೋಗಿ ನೋಡಿದರೆ
ಬದು ಹಸಿ, ಹೆಜ್ಜೆ ಮಾತ್ರ ಇಲ್ಲ.

ಕೊಪ್ಪದ ಕಡೆಯ ಸಾಕಮ್ಮ ಚೀಟಿ ಹಿಡಿದು ಬಂದಳು.
"ಮಿಷನ್ನಲ್ಲಿ ನಾಲ್ಕು ಪಾಯಿಂಟು ಒಂದು ಏಳು,
ನಿಮ್ಮ ಬಿಲ್ಲಲ್ಲಿ ನಾಲ್ಕು ಪಾಯಿಂಟು ಒಂದು.
ಆ ಏಳು ಎಲ್ಲಿಗೋಯ್ತು ಕಣವ್ವ, ಬೆಕ್ಕು ಕುಡೀತಾ?"

ಹುಡುಕಿದೆ. ಸಿಕ್ಕಿತು:
ಹತ್ತಿರದ ಅಂಕಿಗೆ ಸೇರಿಸಬೇಕಾದ ಕಡೆ
ಕತ್ತರಿಸಿಬಿಡುವ ಒಂದೇ ಒಂದು ಪದ.
ಯಾರು, ಯಾವತ್ತು, ಯಾತಕ್ಕೆ?
ಡೇಟಾಬೇಸು ಈಗಿನದನ್ನಷ್ಟೇ ಹೇಳುತ್ತದೆ,
ಹಿಂದಿನದನ್ನು ನುಂಗಿ ಕೂತಿರುತ್ತದೆ.

ರುಕ್ಸಾನ, ನಾನು, ಮೂರು ಭಾನುವಾರ.
ದಿನಾ ತೆರೆಯುವ ಅದೇ ಟೂಲಿನ ಬಲಮೂಲೆಗೆ
ಸೋರ್ಸ್ ಕಂಟ್ರೋಲಿನದೊಂದು ಕಿಂಡಿ ಕೊರೆದೆವು.
ಟೇಬಲ್ಲು, ವ್ಯೂ, ಯಾರೂ ನೆನೆಯದ ಟ್ರಿಗರು
ಒಂದೊಂದು ಫೈಲಾಗಿ ಸಾಲಲ್ಲಿ ನಿಂತವು.
ಇನ್ನು ಸೇವ್ ಒತ್ತಿದರೆ ಅದು ಕೇಳುತ್ತದೆ: ಕಾರಣ ಬರೆ.
ಖಾಲಿ ಬಿಟ್ಟರೆ ಅಲ್ಲಾಡುವುದಿಲ್ಲ.

ಮೊದಲ ಕಮಿಟ್, ಮಂಗಳವಾರ, ಸಂಜೆ ಆರು ನಲವತ್ತು.
"ಇದ್ದದ್ದು ಇದ್ದ ಹಾಗೆ" ಎಂದು ಬರೆದೆ.
ಆಮೇಲೆ ಸಾಲು ಸಾಲಿಗೂ, ನೀನು ಯಾರದು, ಅಂತ ಕೇಳಿದರೆ
ಹೇಮಾವತಿ ಕೆ., ಹೇಮಾವತಿ ಕೆ., ಹೇಮಾವತಿ ಕೆ.
ನಾನು ಕೆಲಸಕ್ಕೆ ಸೇರುವ ಮುಂಚಿನ ಪಾಪವೂ ನನ್ನದೇ!
ರುಕ್ಸಾನ ನಕ್ಕೂ ನಕ್ಕೂ ಟಿಫನ್ ಡಬ್ಬಿ ಬೀಳಿಸಿದಳು.

ಶುಕ್ರವಾರ ಜವರಪ್ಪ ಬಂದರು,
ಪಿಂಚಣಿ ಕಾಗದಕ್ಕೆ ಸೀಲು ಬೇಕಿತ್ತಂತೆ.
ಕನ್ನಡಕ ಹಣೆಗೇರಿಸಿ ಪರದೆಗೆ ಬಗ್ಗಿದರು.
"ಎಮ್ಮೆ ಹಸ ಬೆರಕೆ ಹಾಲಿಗೆ ದರ ಕಟ್ಟೋ ಈ ಸಾಲು
ನಾನು ಬರೆದಿದ್ದು ಕಣಮ್ಮ. ಎರಡು ರಾತ್ರಿ ನಿದ್ದೆಗೆಟ್ಟು.
ನಿನ್ನೆಸ್ರು ಹಾಕ್ಕೊಂಡಿದ್ದೀಯಲ್ಲ."
ಸಾಲಿನ ನೆತ್ತಿಗೆ ಟಿಪ್ಪಣಿ ಸೇರಿಸಿದೆ:
ಇದು ಜವರಪ್ಪನವರದು.

ಎದ್ದರು. ಬಾಗಿಲವರೆಗೆ ಹೋದರು.
ಕೊಡೆ ಮರೆತವರ ಹಾಗೆ ವಾಪಸು ಬಂದು, ಮೆಲ್ಲಗೆ,
"ಅದರ ಕೆಳಗಿನದು, ಆ ಕತ್ತರಿಸೋದು...
ಅದೂ ನಂದೇ. ಬಟವಾಡೆ ದಿನ, ಅವಸರ. ಬರ್ಕೊ."

ಬರೆದುಕೊಂಡೆ. ಆಮೇಲೆ ಆ ಪದ ತಿದ್ದಿ ಸೇವ್ ಒತ್ತಿದೆ.
ಕಾರಣ ಬರೆ, ಅಂತು.
ಸಾಕಮ್ಮನ ಏಳು, ಅಂತ ಬರೆದೆ.

ಹಳೇ ಬಿಲ್ಲುಗಳ ಏಳುಗಳನ್ನೆಲ್ಲ ಕೂಡಿದರೆ ಎಷ್ಟಾಗುತ್ತದೋ,
ಮ್ಯಾನೇಜರಿಗೆ ಇನ್ನೂ ಹೇಳಿಲ್ಲ.