ವ್ಯತ್ಯಾಸ: ಒಂದು

ನಮ್ಮ ಬ್ಯಾಂಕಿನ ಗುರುತು ಒಂದು ಮರ.
ಬುಡಕ್ಕೆ ಅಡ್ಡಗೆರೆ ಎಳೆದು ನಿಲ್ಲಿಸಿದ್ದಾರೆ,
ಬೇರು ಬಿಡಿಸಲು ಜಾಗ ಸಾಲಲಿಲ್ಲವೇನೋ.
ಇದೇ ಮರ ಲುಸಾಕಾದಲ್ಲಿ, ಢಾಕಾದಲ್ಲಿ, ಬ್ಲಾಂಟೈರಿನಲ್ಲಿ,
ಇಲ್ಲಿ ಸುಪರ್ ಮಾರ್ಕೆಟ್ಟಿನ ಬಳೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ.
ದೇಶಕ್ಕೊಂದು ಹೆಸರು. ಎಲ್ಲವೂ ಅಂಗಸಂಸ್ಥೆ.
‘ಅಂಗ ನೀವಾದ್ರ ಲಿಂಗ ಎಲ್ಲದ ಬಾಯಿ?’
ಎಂದು ಮಾಲಕಾಜಪ್ಪನವರು ಬಂದಾಗಲೆಲ್ಲ ಕೇಳಿ ತಾವೇ ನಗುತ್ತಾರೆ.
ಮಾತೃಸಂಸ್ಥೆ ವರ್ಷಕ್ಕೊಮ್ಮೆ ಕ್ಯಾಲೆಂಡರ್ ಕಳಿಸುತ್ತದೆ,
ಅದರಲ್ಲಿ ಯುಗಾದಿಯೂ ಇಲ್ಲ, ಉರುಸೂ ಇಲ್ಲ.

ನಾನು ಮಹಾನಂದಾ. ವಿದೇಶ ವಿನಿಮಯದ ಮೇಜು,
ಅಂದರೆ ಒಂದು ಕಂಪ್ಯೂಟರ್, ಒಂದು ಕೆಂಪು ಪೆನ್ನು,
ನನ್ನ ಕಡೆ ಮೋರೆ ಮಾಡದ ಕೂಲರ್.
ಏಪ್ರಿಲ್ ಮಂಗಳವಾರ ಕಾಗದದ ಕಟ್ಟು ಬಂತು:
ಮಾಲಕಾಜಪ್ಪನವರ ದಾಲ್ ಮಿಲ್ಲಿಗೆ ಮಲಾವಿಯ ತೊಗರಿ,
ನಾಲ್ಕು ಕಂಟೇನರ್.
ತೂಕ ಸರಿ. ತೇವ ಸರಿ.
ಹುಳ ಇಲ್ಲವೆಂಬ ಸರ್ಟಿಫಿಕೇಟ್ ಸರಿ.
ಊರು ತಪ್ಪು.

ನಾವು ಕೊಟ್ಟ ಎಲ್‌ಸಿಯಲ್ಲಿ ಗುಲಬರ್ಗಾ,
ಮಿಲ್ಲಿನ ಹಳೇ ಲೈಸೆನ್ಸಿನಲ್ಲಿ ಇದ್ದ ಹಾಗೆ.
ಅವರ ಇನ್‌ವಾಯ್ಸಿನಲ್ಲಿ ಕಲಬುರಗಿ.
ನಿಯಮ ಇಷ್ಟೇ: ಕಾಗದ ಕಾಗದವನ್ನು ನೋಡಬೇಕು,
ಕಾಳನ್ನಲ್ಲ, ಊರನ್ನಂತೂ ಅಲ್ಲ.
ನಾನು ಹುಟ್ಟಿದ್ದು ಗುಲಬರ್ಗಾದಲ್ಲಿ,
ಮದುವೆಯಾಗಿ ಮುರಿದದ್ದು ಕಲಬುರಗಿಯಲ್ಲಿ,
ಮನೆ ಬದಲಿಸಿದ್ದು ಒಂದೇ ಸಲ, ಅದೂ ಎರಡು ಓಣಿ ಆಚೆ.
ಆದರೂ ಕೆಂಪು ಪೆನ್ನು ಸುತ್ತು ಹಾಕಿತು.
ವ್ಯತ್ಯಾಸ: ಒಂದು. ಶುಲ್ಕ: ಎಪ್ಪತ್ತೈದು ಡಾಲರ್.

ಸಂಜೆಗೆ ಬ್ಲಾಂಟೈರಿನಿಂದ ಉತ್ತರ. ಎಸ್ನಾತ್ ಎಂಬೇವೆ,
ಆ ಕೊಂಬೆಯ ನನ್ನಂಥದೇ ಒಂದು ಮೇಜು.
‘ಶ್ರೀಮಾನ್ ಮಹಾನಂದಾ’ ಎಂದು ಶುರು ಮಾಡುತ್ತಾಳೆ ಯಾವಾಗಲೂ,
ನಾನು ತಿದ್ದಿಲ್ಲ, ಅದಕ್ಕೆ ಶುಲ್ಕವಿಲ್ಲ.
‘ತಪ್ಪು ನನ್ನದು. ನಕಾಶೆಯಲ್ಲಿ ನಿಮ್ಮ ಊರು ಹುಡುಕಿದೆ,
ಹೆಸರು ಬದಲಾಗಿದೆ ಎಂದಿತ್ತು.
ಹೊಸ ಹೆಸರಿನಿಂದ ಕರೆಯುವುದು ಮರ್ಯಾದೆ ಅಂದುಕೊಂಡು
ಮಾಲು ಕಳಿಸುವವರಿಗೆ ನಾನೇ ಹೇಳಿ ಬರೆಸಿದೆ.
ನಮ್ಮ ಬ್ಯಾಂಕಿಗೂ ಮಾರ್ಚಿನಲ್ಲಿ ಹೆಸರು ಬದಲಾಯಿತು,
ಹಳೇ ಬೋರ್ಡು ಇನ್ನೂ ಸೈಕಲ್ ನಿಲ್ಲಿಸುವಲ್ಲಿ ಗೋಡೆಗೆ ಒರಗಿದೆ.
ಮಾರಿದ್ದು ಫಲೊಂಬೆಯ ಹೆಂಗಸರ ಸಂಘ.
ಶುಲ್ಕ ಅವರ ಲೆಕ್ಕದಿಂದ ಹೋಗುತ್ತದೆ, ನಿಮಗೆ ಗೊತ್ತಲ್ಲ.’

ಗೊತ್ತು.

ಮರುದಿನ ಮಾಲಕಾಜಪ್ಪನವರನ್ನು ಗಂಜಿನಿಂದ ಕರೆಸಿದೆ.
ಧೋತರದ ಚುಂಗಿನಲ್ಲಿ ಕತ್ತು ಒರೆಸಿಕೊಂಡು
ಶಹಾಬಾದಿ ಫರಸಿಯ ಮೇಲೆ ಚಪ್ಪಲಿ ಬಿಟ್ಟು ನಿಂತರು.
‘ಗುಲಬರ್ಗಾ ಅಂದ್ರೂ ಅದಾ, ಕಲಬುರಗಿ ಅಂದ್ರೂ ಅದಾ.
ರೈಲು ಒಂದಾ ಟೇಸನಕ್ಕ ಬರ್ತಾದಲ್ಲ?
ಕೊಡು ಇಲ್ಲಿ.’
ತಕರಾರಿಲ್ಲವೆಂದು ಮೂರು ಕಡೆ ಸಹಿ ಮಾಡಿದರು,
ಕನ್ನಡದಲ್ಲಿ, ದೊಡ್ಡದಾಗಿ, ಡಬ್ಬಿಯ ಹೊರಗೂ.

ತಕರಾರು ಹೋಯಿತು. ಶುಲ್ಕ ಹೋಗಲಿಲ್ಲ.
ಗುಂಡಿ ಒತ್ತುವ ಮೊದಲೇ ಯಂತ್ರ ಮುರಿದುಕೊಂಡಿತ್ತು.
ಒಂದೇ ಮರ: ಆ ಕೊಂಬೆಯಿಂದ ಈ ಕೊಂಬೆಗೆ
ಎಪ್ಪತ್ತೈದು ಎಲೆ ದಾಟಿತು, ಗಾಳಿಯೇ ಇಲ್ಲದೆ.
ಅದು ಎಷ್ಟು ಕ್ವಾಚಾ ಎಂದು ನಾನು ನೋಡಲಿಲ್ಲ.
ದರಪಟ್ಟಿ ಮೊಣಕೈ ಕೆಳಗೇ ಇತ್ತು.

ಜೂನಿನಲ್ಲಿ ಚೀಲಗಳು ಬಂದವು.
ಗಂಜಿಗೆ ಹೋಗಿ ಒಂದು ಹಿಡಿ ತೆಗೆದೆ.
ನಮ್ಮ ತೊಗರಿಗಿಂತ ಕಿರಿದು, ಮಸುಕು ಬಣ್ಣ,
ಹಮಾಲ ಸಾಬಣ್ಣ ಝಾಡಿಸಿದಲ್ಲಿ ಕೆಂಪು ಮಣ್ಣು ಉದುರಿತು,
ನಮ್ಮ ಎರೆಯ ಕಪ್ಪಿನ ಮೇಲೆ ಕುಂಕುಮದ ಹಾಗೇನೂ ಅಲ್ಲ,
ಧೂಳಿನ ಹಾಗೆ.
ಕಸಬರಿಗೆ ಬಂದು ಎರಡನ್ನೂ ಒಯ್ದಿತು.

ಅವತ್ತೇ ಮೊದಲ ಸಲ ಫೋನು ಮಾಡಿದೆ.
‘ಓ, ನೀವು ಹೆಂಗಸು!’ ಎಂದಳು ಎಸ್ನಾತ್.
ತೊಗರಿಗೆ ಅವರಲ್ಲಿ ನಂಡೋಲೊ ಅನ್ನುತ್ತಾರಂತೆ.
ನಂಡೋಲೊ, ಅಂದೆ. ನಕ್ಕಳು.
‘ಈಗ ನಿಮ್ಮ ಊರು ಹೇಳಿ, ಬಾಯಲ್ಲಿ.’
ಕಲಬುರಗಿ.
ಆಕೆ ನಿಧಾನ, ಒಂದೊಂದೇ ಅಕ್ಷರ ಎಣಿಸಿ ಕೊಡುವಂತೆ,
‘ಕಲಬುಲಗಿ’ ಅಂದಳು.

ಮೂರನೇ ಹೆಸರು.
ಪೆನ್ನಿನ ಮುಚ್ಚಳ ತೆಗೆದಿದ್ದೆ, ಮತ್ತೆ ಹಾಕಿದೆ.
ಹೌದು, ಅದೇ, ಅಂದೆ.