ಇಂಚಿನ ಕಾಲದ ಗಾಡಿ

ಚೀಟಿ ಎತ್ತಿದ ದುಡ್ಡಲ್ಲಿ ಬಳೆ ಮಾಡಿಸಲಿಲ್ಲ.
ಆಯನೂರಿನ ಮರದ ಮಿಲ್ಲಿನ ಹಿಂದೆ
ಕೋಳಿಗೂಡಾಗಿ ನಿಂತಿದ್ದ ಫಾರ್ಗೋ ಪಿಕಪ್ಪು ಕೊಂಡೆ.
ಬಾನೆಟ್ ಎತ್ತಿದರೆ,
ಏರ್ ಕ್ಲೀನರ್ ಇರಬೇಕಾದಲ್ಲಿ
ಒಂದು ಹೇಂಟೆ, ಕಾವಿಗೆ ಕೂತದ್ದು.
"ಮರಿ ಒಡೆಯೋವರೆಗೂ ತಡೀರಿ, ಪ್ರಫುಲ್ಲಕ್ಕ."
ತಡೆದೆ, ಹದಿನೇಳು ದಿನ.
ಆಮೇಲೆ ತಿಳಿಯಿತು,
ಈ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕ ಕಾಯುವಿಕೆ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಬುಡನ್ ಸಾಬರು
ಟೀ ಲೋಟ ಕೆಳಗಿಟ್ಟು
ಗಾಡಿಯನ್ನಲ್ಲ, ನನ್ನನ್ನು ನೋಡಿದರು.
"ಸ್ಟುಡಿಯೋದವರಲ್ವಾ ನೀವು?
ಹಾಗಾದರೆ ಬಿಚ್ಚೋ ಮೊದಲು ಒಂದೊಂದು ನಟ್ಟಿಗೂ
ಫೋಟೋ ತೆಗೀರಿ, ಪಾಸ್‌ಪೋರ್ಟಿಗೆ ತೆಗೆದ ಹಾಗೆ,
ಎರಡೂ ಕಿವಿ ಕಾಣಬೇಕು."
ನನ್ನ ಹೊಸ ಪಾನಾ ಸೆಟ್ಟು ಮುಚ್ಚಿ ಬದಿಗೆ ಸರಿಸಿದರು.
"ಇದು ಇಂಚಿನ ಕಾಲದ ಗಾಡಿ.
ಅರ್ಧ ಇಂಚಿನ ನಟ್ಟಿಗೆ ನಿಮ್ಮ ಹದಿಮೂರರ ಪಾನಾ
ಕೂತ ಹಾಗೆ ಕಾಣುತ್ತೆ. ಕೂರಲ್ಲ.
ಕೂದಲೆಳೆಯಷ್ಟು ಸಂದು,
ಆ ಸಂದಲ್ಲೇ ನಟ್ಟಿನ ತಲೆ ಬೋಳಾಗೋದು."
ಆಗಲೇ ಬೋಳಿಸಿದ್ದೆ. ಹೇಳಲಿಲ್ಲ.
ಅವರು ಬಗ್ಗಿ, ಹೆಬ್ಬೆರಳಲ್ಲಿ ತಡವಿ,
"ನಾಲ್ಕು" ಅಂದರು.

ಜಾಮಾದ ಪಿಸ್ಟನ್ನಿಗೆ ಸೀಮೆಎಣ್ಣೆ ಅಂದರು ಒಬ್ಬರು.
ಬ್ರೇಕ್ ಆಯಿಲು, ಡೀಸೆಲು, ಸಮಸಮ, ಇನ್ನೊಬ್ಬರು.
ಹೊಸನಗರದ ನಿವೃತ್ತ ಡ್ರೈವರೊಬ್ಬರು ಫೋನಿನಲ್ಲೇ
"ಗುಡ್ಡದ ಮೇಲಿಂದ ತಳ್ಳಿ,
ಒಂದೋ ಶುರುವಾಗುತ್ತೆ, ಒಂದೋ ಮುಗಿಯುತ್ತೆ."
ಭದ್ರಾವತಿಯ ಅಲ್ಫೋನ್ಸ್, ಲೇತ್ ನಿಲ್ಲಿಸದೆ:
"ಕಿಂಗ್ ಪಿನ್ ಮಾಡಿಕೊಡೋಣ. ಹಳೇದು ತನ್ನಿ.
ಎಷ್ಟು ಸವೆದಿದೆ ಅಂತಲ್ಲ,
ಯಾವ ಕಡೆ ಸವೆದಿದೆ ಅಂತ ನೋಡಬೇಕು."
ಗಾಂಧಿ ಬಜಾರಿನ ಪಾತ್ರೆ ಅಂಗಡಿಯ ವಿಠೋಬಣ್ಣನಿಗೆ
ಗಾಡಿ ಗೊತ್ತಿಲ್ಲ, ತಾಮ್ರ ಗೊತ್ತು.
"ವಾಷರ್ ಬಿಸಾಡಬೇಡಿ. ಕೆಂಪಗೆ ಕಾಯಿಸಿ ನೀರಿಗೆ ಹಾಕಿ.
ಉಕ್ಕಾದರೆ ಬಿರುಸಾಗುತ್ತೆ,
ಇದು ಮೆತ್ತಗಾಗುತ್ತೆ."
ಆ ರಾತ್ರಿ ಸಾರು ಇಳಿಸಿ
ಅದೇ ಉರಿಯಲ್ಲಿ ಆರು ವಾಷರ್ ಹುರಿದೆ.
ನಮ್ಮವರು ಬಂದರು, ನೋಡಿದರು,
ಏನೂ ಅನ್ನದೆ ಕಿಟಕಿ ತೆರೆದರು.

ಹಿಂದಿನ ಬಾಗಿಲು ಮಾತ್ರ ಯಾವ ಗುಜರಿಯಲ್ಲೂ ಇಲ್ಲ.
ಸಿಕ್ಕಿದ್ದು ಕುಂಸಿಯಲ್ಲಿ,
ಹಾಲಮ್ಮನ ಮನೆ ಮುಂದೆ
ಚರಂಡಿಗೆ ಅಡ್ಡ ಮಲಗಿತ್ತು.
ಉಬ್ಬಿದ ಇಂಗ್ಲಿಷ್ ಅಕ್ಷರ ಹಿಮ್ಮಡಿಗಳಿಗೆ ಸವೆದು
ಕೊನೆಯ ಎರಡೇ ಉಳಿದಿದ್ದವು.
"ಗೋ ಅಂದರೆ ಹಸು," ಮೊಮ್ಮಗಳು ಓದಿದಳು.
"ಅಲ್ಲ ಕಣೇ, ಹೋಗು," ಅವಳಣ್ಣ.
ಎರಡು ಸಾವಿರ ಚಾಚಿದೆ.
ಹಾಲಮ್ಮ ನೋಟು ನೋಡಿ, ಚರಂಡಿ ನೋಡಿ,
"ದುಡ್ಡು ತುಳಕೊಂಡು ದಾಟೋದಾ ನಾವು?"

ಮರುದಿನ ಗೂಡ್ಸ್ ಆಟೋದಲ್ಲಿ ಕಡಪಾ ಕಲ್ಲು ಒಯ್ದೆ,
ನಾಲ್ಕಡಿಯದು, ದಪ್ಪನೆಯದು.
ಹಾಲಮ್ಮ ಒಂದು ಕಾಲಿಟ್ಟಳು, ಎರಡೂ ಇಟ್ಟಳು,
ತುಂಬಿದ ಕೊಡ ಹೊತ್ತು ಅತ್ತಿತ್ತ ಓಡಾಡಿದಳು.
"ಗಟ್ಟಿ ಐತೆ. ಸದ್ದಿಲ್ಲ.
ಅದು ಢಣ್ ಅಂತಿತ್ತು ನೋಡು,
ಯಾರು ಬಂದರು ಅಂತ
ಒಳಗಿಂದಲೇ ತಿಳಿಯೋದು.
ಸೊಸೆದೊಂದು ಢಣ್, ಹಾಲಿನವನದೊಂದು."
ಬಾಗಿಲಿನ ಒಂದು ತುದಿ ಹಿಡಿದು ನಿಂತಿದ್ದೆ.
ಇಷ್ಟು ದಿನ ಎಲ್ಲರನ್ನೂ ಕೇಳಿಕೊಂಡು ತಿರುಗಿದವಳಿಗೆ
ಇದನ್ನು ಯಾರನ್ನು ಕೇಳುವುದೋ ತೋಚಲಿಲ್ಲ.

ಎಂಜಿನ್ ಇನ್ನೂ ಬಾಯಿಬಿಟ್ಟಿಲ್ಲ.
ಹ್ಯಾಂಡಲ್ ಹಾಕಿದರೆ ಕಾಲು ಸುತ್ತು ಬಂದು ನಿಲ್ಲುತ್ತೆ.
"ಕಾಲು ಬಂತಲ್ಲ," ಅನ್ನುತ್ತಾರೆ ಬುಡನ್ ಸಾಬರು,
ಮಿಕ್ಕ ಮುಕ್ಕಾಲು ತಮ್ಮ ಜೇಬಲ್ಲೇ ಇದ್ದ ಹಾಗೆ.
ಟಿಂಕರಿನವನು ಸವೆದ ಅಕ್ಷರ ಎಬ್ಬಿಸಲೇ ಅಂದ.
ಬೇಡ ಅಂದೆ.
ಓಡಿದ ದಿನ ಮೊದಲು ಕುಂಸಿಗೆ.
ಹಾರ್ನ್ ಸಿಕ್ಕಿಲ್ಲ, ಹುಡುಕುತ್ತಲೂ ಇಲ್ಲ.
ಹಿಮ್ಮುಖ ಹೋಗಿ
ಹಾಲಮ್ಮನ ಅಂಗಳದಲ್ಲಿ
ಹಿಂದಿನ ಬಾಗಿಲು ಕೈಬಿಟ್ಟರೆ ಸಾಕು.