ಗಾಳಿ ಹೋಗುವ ದಾರಿ

ಹದಿನೇಳು ಪೌಂಡು ಅನ್ನುತ್ತದೆ ಮುಳ್ಳು.
ಕಟ್ಟಿಗೆ ಸುತ್ತಿದ ಪರೀಕ್ಷಾಪಟ್ಟಿ ಇನ್ನೂ ಹಾಲುಬಿಳಿ.
ಇಬ್ಬರಲ್ಲಿ ಯಾರ ಮಾತು ನಂಬಲಿ?

ಮಸೇರುವಿನ ಮೆಕ್ಯಾನಿಕ್ ಫೋನಿನಲ್ಲಿ:
ಹಿಮ ಕರಗಲಿ, ದಾರಿ ತೆರೆಯಲಿ, ಬರುತ್ತೇನೆ.
ಥಾಕಾನೆಯ ಹೊಟ್ಟೆ ಅಷ್ಟು ದಿನ ಕಾಯದು;
ಅವಳನ್ನು ಹೊತ್ತು ತಂದ ಕುದುರೆ
ಆಗಲೇ ಅಂಗಳದಲ್ಲಿ ಹಬೆಯುಸಿರು ಬಿಡುತ್ತಿದೆ.

ಮೊದಲು ಬಾಗಿಲಿನ ರಬ್ಬರು. ತಿರುವಿ ಕೂರಿಸಿ
ಗ್ಲಿಸರಿನ್ ಸವರಿದೆ. ಸೋರುವುದು ನಿಂತಿತು, ಪಟ್ಟಿ ಬಿಳಿ.
ಕಾಯಿಲ್ ಮೇಲೆ ಸುಣ್ಣ, ಹಳೇ ಕೆಟಲಿನ ತಳದ ಹಾಗೆ;
ವಿನೆಗರ್ ಕುಡಿಸಿ ಕೆರೆದೆ. ಪಟ್ಟಿ ಬಿಳಿ.
ಅಂಬುಲೆನ್ಸಿನ ತ್ಸೋತಾಂಗ್ ಬಂದು ಒಂದು ಒದೆ ಕೊಟ್ಟ,
ಅವನ ಗಾಡಿಗೆ ಅದೇ ಮದ್ದಂತೆ.
ಬಿಳಿ.

ಸೇಫ್ಟಿ ವಾಲ್ವಿಗೆ ಮಾತ್ರ ಕೈ ಹಚ್ಚಲಿಲ್ಲ;
ನನಗಿಂತ ಎರಡು ವರ್ಷ ಹಿರಿಯದು ಈ ಯಂತ್ರ,
ಅದರ ಸಿಟ್ಟು ನನಗೆ ಗೊತ್ತು.

ರಾತ್ರಿ, ಎಲ್ಲ ತಣಿದ ಮೇಲೆ, ಪ್ಲಗ್ ಕಿತ್ತು,
ಟಾರ್ಚು ಕಚ್ಚಿಕೊಂಡು ಒಳಗೆ ತಲೆ ತೂರಿಸಿದೆ.
ತಳದಲ್ಲೊಂದು ಜರಡಿ, ನಾಣ್ಯದಗಲ;
ಅದರ ತುಂಬ ನಮ್ಮದೇ ಬಟ್ಟೆಗಳ ನಾರು,
ಎಷ್ಟು ವರ್ಷದ ಹೆರಿಗೆಗಳದ್ದೋ,
ಒದ್ದೆ ಇಲಿಮರಿಯ ಹಾಗೆ ಮುದುಡಿ ಕೂತಿತ್ತು.

ಹೊರಹೋಗಲು ದಾರಿಯಿಲ್ಲದ ಗಾಳಿ
ಉಗಿಯ ಜಾಗ ಹಿಡಿದು ಕೂತು ಮುಳ್ಳನ್ನು ದೂಡುತ್ತಿತ್ತು.
ಒತ್ತಡವಿತ್ತು, ಸಾಕಷ್ಟು ಬಿಸಿಯಿರಲಿಲ್ಲ.
ಜಿಲ್ಲಾ ಕಚೇರಿಯ ಸಭೆಗಳಲ್ಲಿ ಇಂಥವರನ್ನು ನೋಡಿದ್ದೇನೆ.

ಹೇರ್‌ಪಿನ್ನಿನಿಂದ ಕೆದಕಿ ತೆಗೆದೆ.

ಬೆಳಗಿನ ನಾಲ್ಕಕ್ಕೆ ಪಟ್ಟಿಯ ಮೇಲೆ ಗೆರೆಗಳೆದ್ದವು,
ಓರೆ ಓರೆ, ಕಪ್ಪು.
ಪಕ್ಕದ ಕೋಣೆಯಿಂದ ಥಾಕಾನೆ, ಹಲ್ಲು ಕಚ್ಚಿ:
ಕತ್ತರಿ ಆಯಿತಾ?
ಆಯಿತು, ಆರಲಿ, ಒಂದಿಷ್ಟು ತಡಿ, ಅಂದೆ.
ತಡೆಯುವುದು ಅವಳ ಕೈಲಿರಲಿಲ್ಲ.